ಕೆಮ್ಮಣ್ಣುಗುಂಡಿಯಲ್ಲಿ ಅಮ್ಮನ ಎರಡು ಸಂಜೆ

ಬೆಟ್ಟದ ಮೇಲೆ ಬೇಸಿಗೆಯ ಸಂಜೆ ಒಮ್ಮೆಲೇ ಬರುವುದಿಲ್ಲ. ಏಪ್ರಿಲ್ ಕೊನೆಯ ವಾರದಲ್ಲಿ ಕೆಮ್ಮಣ್ಣುಗುಂಡಿಯಲ್ಲೂ ನಾಲ್ಕು ಗಂಟೆಯ ಬಿಸಿಲಿಗೆ ಚುರುಕಿರುತ್ತದೆ. ಐದು ದಾಟಿದ ಮೇಲೆ ಕಣಿವೆ ಕಡೆಯಿಂದ ಗಾಳಿ ಏಳುತ್ತದೆ. ಕುಟ್ರು ಹಕ್ಕಿ ಇನ್ನೂ ಕೂಗುತ್ತಿರುವಾಗಲೇ ಜೀರುಂಡೆಗಳು ಶುರುಮಾಡುತ್ತವೆ. ಕೆಳಗಿನ ಬಯಲು ಮಸುಕಾಗಿ, ಎದುರಿನ ಬೆಟ್ಟಗಳು ಒಂದರ ಹಿಂದೊಂದು ನೀಲಿಯಾಗುತ್ತವೆ. ಆರೂಮುಕ್ಕಾಲಿಗೆ ಸೂರ್ಯ ಇರುವುದಿಲ್ಲ, ಬೆಳಕು ಮಾತ್ರ ಇರುತ್ತದೆ. ಆಗ ಹೆಗಲ ಮೇಲೊಂದು ಶಾಲು ಬೇಕು ಅನ್ನಿಸುತ್ತದೆ. ತರೀಕೆರೆ ಬಸ್ ನಿಲ್ದಾಣದಲ್ಲಿ ಮಧ್ಯಾಹ್ನ ಕರ್ಚೀಫು ಹಿಂಡಿಕೊಂಡವರಿಗೆ ಇದು ನಂಬುವ ಮಾತಲ್ಲ.

ಇದರಲ್ಲಿ ಮಾಯೆ ಏನಿಲ್ಲ. ಮೇಲೇರಿದಂತೆ ಗಾಳಿಯ ಒತ್ತಡ ಕಡಿಮೆಯಾಗಿ ಅದು ಹಿಗ್ಗುತ್ತದೆ, ಹಿಗ್ಗುತ್ತ ತಣಿಯುತ್ತದೆ. ಸಾವಿರ ಮೀಟರು ಏರಿದರೆ ಸರಾಸರಿ ಆರೂವರೆ ಡಿಗ್ರಿ ತಂಪು. ಕೆಮ್ಮಣ್ಣುಗುಂಡಿ ಇರುವುದು 1,400 ಮೀಟರಿಗಿಂತ ಎತ್ತರದಲ್ಲಿ. ಈ ಲೆಕ್ಕವನ್ನು ಚೆನ್ನಾಗಿ ಬಳಸಿಕೊಂಡವರು ಬ್ರಿಟಿಷರು. 1864ರಲ್ಲಿ ಶಿಮ್ಲಾವನ್ನು ಬೇಸಿಗೆಯ ರಾಜಧಾನಿ ಮಾಡಿಕೊಂಡರು. ಮದ್ರಾಸು ಸರ್ಕಾರ ಬೇಸಿಗೆಗೆ ಊಟಿ ಹತ್ತುತ್ತಿತ್ತು. ಕಡತ, ಗುಮಾಸ್ತ, ಜವಾನರ ಸಮೇತ ಇಡೀ ಆಡಳಿತವೇ ಬೆಟ್ಟವೇರುತ್ತಿತ್ತು. ನಮ್ಮ ಮೈಸೂರು ಸಂಸ್ಥಾನದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಬೇಸಿಗೆಗೆ ಬಂದು ತಂಗುತ್ತಿದ್ದ ಜಾಗ ಕೆಮ್ಮಣ್ಣುಗುಂಡಿ. ಅದಕ್ಕೇ ಇದನ್ನು ಕೆ.ಆರ್. ಹಿಲ್ಸ್ ಅಂತಲೂ ಕರೆಯುತ್ತಾರೆ. ಇವತ್ತು ತೋಟಗಾರಿಕೆ ಇಲಾಖೆಯ ಕೈಯಲ್ಲಿದೆ. ಗುಲಾಬಿ ತೋಟ, ಅತಿಥಿಗೃಹಗಳು, ರಾಜಭವನದ ಮುಂದಿನ ಅಂಗಳ, ಬೆಳಗಿನ ಜಾವ ಜನ ನಡೆದುಹೋಗುವ ಝಡ್ ಪಾಯಿಂಟ್.

ಇನ್ನೊಂದು ಹೆಸರು ಮಣ್ಣಿನದು. ಕೆಂಪು ಮಣ್ಣಿನ ಗುಂಡಿ. ಮಣ್ಣು ಕೆಂಪಾಗಿರುವುದು ಅದರೊಳಗಿನ ಕಬ್ಬಿಣದಿಂದ. 1923ರಲ್ಲಿ ಭದ್ರಾವತಿಯಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆ ಶುರುವಾದಾಗ ಅದಕ್ಕೆ ಅದಿರು ಹೋದದ್ದು ಈ ಬೆಟ್ಟದಿಂದ. ಅಗೆದ ಅದಿರು ರೋಪ್‌ವೇಯಲ್ಲಿ ತೂಗುತ್ತ ಬೆಟ್ಟ ಇಳಿಯುತ್ತಿತ್ತು. ಕುಲುಮೆಗೆ ಮೊದಮೊದಲು ಕಲ್ಲಿದ್ದಲಿರಲಿಲ್ಲ, ಮಲೆನಾಡಿನ ಕಾಡಿನ ಇದ್ದಿಲೇ ಉರುವಲು. ಹಾಗಾಗಿ ಒಂದೇ ಬೆಟ್ಟಕ್ಕೆ ಎರಡು ಹೆಸರು ಬಂದವು: ದಣಿವಾರಿಸಿಕೊಳ್ಳಲು ಬಂದವರ ಹೆಸರೊಂದು, ಜನ ದಣಿದು ಅಗೆದ ಮಣ್ಣಿನ ಹೆಸರೊಂದು.

ನನ್ನ ಅಮ್ಮ ಎರಡನೆಯ ಹೆಸರಿನ ಕಡೆಯವಳು. ಅವಳು ಹುಟ್ಟಿ ಬೆಳೆದದ್ದು ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ. ಅಜ್ಜ ಪಾಳಿ ಕೆಲಸಗಾರ. ಕೆಮ್ಮಣ್ಣುಗುಂಡಿ ಎಂಬ ಹೆಸರು ಅವಳಿಗೆ ನೆನಪಿರುವಷ್ಟು ಹಿಂದಿನದು. ಭದ್ರಾವತಿಯಿಂದ ಅಲ್ಲಿಗೆ ಎರಡು ತಾಸಿನ ದಾರಿ. ಐವತ್ತಾರು ವರ್ಷದಲ್ಲಿ ಒಮ್ಮೆಯೂ ಹೋಗಿರಲಿಲ್ಲ. ಈ ಸಲ ಫೆಲೋಶಿಪ್ ಹಣ ತಡವಾಗಿಯಾದರೂ ಒಟ್ಟಿಗೆ ಬಂತು. ಎರಡು ರಾತ್ರಿಗೆ ಕೋಣೆ ಕಾದಿರಿಸಿ ಅಮ್ಮನನ್ನು ಹೊರಡಿಸಿದೆ. ಅವಳ ಚೀಲದಲ್ಲಿ ಅವಲಕ್ಕಿ, ಚಟ್ನಿಪುಡಿ, ಚಕ್ಕುಲಿ, ಸ್ಟೀಲ್ ಫ್ಲಾಸ್ಕು, ಒಂದು ಕರೆಂಟಿನ ಕೆಟಲ್, ಎರಡು ತಟ್ಟೆ, ಪಾತ್ರೆ ತೊಳೆಯುವ ಸೋಪಿನ ತುಂಡು.

ಮೊದಲ ಸಂಜೆ ವರಾಂಡದಲ್ಲಿ ಎರಡು ಕುರ್ಚಿ ಹಾಕಿದೆ. ಅಮ್ಮ ಕೂತಳು, ಐದು ನಿಮಿಷಕ್ಕೆ ಎದ್ದಳು. ಒಳಗೆ ಹೋಗಿ ಇಬ್ಬರ ಬಟ್ಟೆಯನ್ನೂ ಮಡಿಸಿಟ್ಟಳು. ಮತ್ತೆ ಬಂದು ಕೂತು, ಮತ್ತೆ ಎದ್ದು ಟೀ ಮಾಡಿದಳು. ಲೋಟ ತೊಳೆದಳು. ಅಷ್ಟರಲ್ಲಿ ಅಪ್ಪನ ಫೋನು, ಹುಣಸೆಹಣ್ಣಿನ ಡಬ್ಬಿ ಎಲ್ಲಿದೆ ಅಂತ. ಡಬ್ಬಿಯಿಂದ ಶುರುವಾದದ್ದು ಒಗ್ಗರಣೆಯವರೆಗೆ ಹೋಯಿತು. ಫೋನಿಟ್ಟಾಗ ಕತ್ತಲಾಗಿತ್ತು.

“ಸುಮ್ನೆ ಕೂತ್ಕೋಬಾರ್ದಾ ಅಮ್ಮ?” ಅಂದೆ.

“ಕೂತ್ಕೋತೀನಿ ಕಣೆ. ಕೈ ಸುಮ್ನಿರಲ್ಲ, ಏನ್ ಮಾಡ್ಲಿ?”

ನಾನು ಓದುವ ಪುಸ್ತಕಗಳಲ್ಲಿ ಬಿಡುವು ಅಂದರೆ ಕೆಲಸವಿಲ್ಲದ ಹೊತ್ತು. ಅಮ್ಮನನ್ನು ನೋಡುತ್ತ ಆ ವಿವರಣೆ ಸಾಲದು ಅನ್ನಿಸಿತು. ಹೊತ್ತು ಅವಳಿಗೆ ಸಿಕ್ಕಿತ್ತು, ಎದುರಿಗೆ ಬೆಟ್ಟವೂ ಇತ್ತು. ಆದರೂ ಸಂಜೆ ಅವಳಿಗೆ ಸೇರಿರಲಿಲ್ಲ. ರಾಜರಿಗೆ, ದೊರೆಗಳಿಗೆ ಈ ಹೊತ್ತನ್ನು ಕಳೆಯುವ ಅಭ್ಯಾಸ ತಲೆಮಾರುಗಳಿಂದ ಬಂದಿತ್ತು. ಟೀ ತಂದುಕೊಡಲು ಜನವಿದ್ದರು. ಟೀ ತಂದುಕೊಡುವವರ ಮನೆಗಳಲ್ಲಿ ಆ ಅಭ್ಯಾಸ ಯಾರಿಂದ ಬರಬೇಕು? ಸಾಲು ದೀಪ ಹಚ್ಚುವುದು, ಹಾಲು ಕಾಯಿಸುವುದು, ರಾತ್ರಿಯ ಅನ್ನಕ್ಕೆ ಇಡುವುದು, ಅವಳ ಪಾಲಿಗೆ ಸಂಜೆ ಅಂದರೆ ಇಷ್ಟು.

ಎರಡನೆಯ ಸಂಜೆ ರಾಜಭವನದ ಕಡೆ ನಡೆದೆವು. ಮಕ್ಕಳು ಓಡಾಡುತ್ತಿದ್ದರು, ಯಾರೋ ಸೆಲ್ಫಿಗೆ ಸಾಲು ನಿಂತಿದ್ದರು. ಅಮ್ಮ ದಾರಿಯ ಪಕ್ಕದ ಕಟ್ಟೆಯ ಮೇಲೆ ಕೂತು, ಬಗ್ಗಿ ಒಂದು ಚಿಟಿಕೆ ಮಣ್ಣು ತೆಗೆದುಕೊಂಡು ಬೆರಳಲ್ಲಿ ಉಜ್ಜಿದಳು.

“ಅಪ್ಪ ಕರಗಿಸ್ತಿದ್ದಿದ್ದು ಇದೇ ಅಲ್ವಾ,” ಅಂದಳು. ಸ್ವಲ್ಪ ಹೊತ್ತು ಬಿಟ್ಟು ತಾನಾಗಿಯೇ ಹೇಳಿದಳು. ಎರಡನೇ ಪಾಳಿ ಇದ್ದರೆ ಸಂಜೆ ಅಜ್ಜ ಮನೆಯಲ್ಲಿ ಇರುತ್ತಿರಲಿಲ್ಲ. ರಾತ್ರಿ ಪಾಳಿ ಇದ್ದರೆ ಸಂಜೆ ಮಲಗಿರುತ್ತಿದ್ದರು, ಮಕ್ಕಳು ಸದ್ದು ಮಾಡುವ ಹಾಗಿಲ್ಲ. ಮೊದಲನೇ ಪಾಳಿಯ ವಾರ ಮಾತ್ರ ಸಂಜೆ ಅಜ್ಜ ಎಚ್ಚರವಾಗಿ ಬಾಗಿಲ ಮೆಟ್ಟಿಲ ಮೇಲೆ ಕೂರುತ್ತಿದ್ದರಂತೆ. “ಆಗ ನಾವೆಲ್ಲ ಸುತ್ತ ಕೂರ್ತಿದ್ವಿ. ಮಾತೇನೂ ಆಡ್ತಿರ್ಲಿಲ್ಲ ಅವರು. ಮೂರು ವಾರಕ್ಕೊಂದು ವಾರ ಸಂಜೆ ಇರ್ತಿತ್ತು ನಮ್ಮನೇಲಿ.”

ಆ ಮೆಟ್ಟಿಲಿನ ಸಂಗತಿ ನಾನು ಮೊದಲು ಕೇಳಿರಲಿಲ್ಲ. ನಾನು ಹುಟ್ಟುವ ಹೊತ್ತಿಗೆ ಅಜ್ಜ ನಿವೃತ್ತರಾಗಿದ್ದರು, ಅವರ ಪಾಲಿಗೆ ಎಲ್ಲ ಹೊತ್ತೂ ಸಂಜೆಯೇ ಆಗಿತ್ತು. ಸುಮ್ಮನೆ ಕೂರುವುದು ಅಮ್ಮನಿಗೆ ಗೊತ್ತೇ ಇಲ್ಲ ಅಂದುಕೊಂಡಿದ್ದೆ. ಗೊತ್ತಿತ್ತು. ಒಬ್ಬಳೇ ಕೂತು ಅಭ್ಯಾಸವಿರಲಿಲ್ಲ, ಅಷ್ಟೇ.

ಬೆಳಕು ಇಳಿಯಿತು. ಕೆಳಗೆ ಬಯಲಲ್ಲಿ ಊರುಗಳ ದೀಪ ಒಂದೊಂದಾಗಿ ಹತ್ತಿದವು. ಭದ್ರಾವತಿ ಯಾವ ಕಡೆ ಅಂತ ಕೇಳಿದಳು, ಉತ್ತರಕ್ಕೆ ಕೈ ತೋರಿಸಿದೆ. ಫೋನು ಬಡಿದುಕೊಂಡಿತು. ಅಪ್ಪನದೇ. ಅಮ್ಮ ಹೆಸರು ನೋಡಿ ಅದನ್ನು ನನ್ನ ಕೈಗೆ ಕೊಟ್ಟಳು. “ಬೇಳೆ ಡಬ್ಬಿ ಕೇಳ್ತಾರೆ, ಕೆಳಗಿನ ಸಾಲಲ್ಲಿ ಎಡಗಡೆ ಅಂತ ಹೇಳು.” ಹೇಳಿದೆ. ಕಾವಲುಗಾರರು ಬಂದು ಕತ್ತಲಾಯ್ತು, ಕಾಟಿ ಓಡಾಡ್ತವೆ, ಕೋಣೆಗೆ ಹೋಗಿ ಅನ್ನುವವರೆಗೂ ನಾವಲ್ಲಿ ಕೂತಿದ್ದೆವು.

ಈಗ ನಾನು ಹಾಸ್ಟೆಲಿನಲ್ಲಿದ್ದೇನೆ, ಅಧ್ಯಾಯ ಮುಗಿಯಬೇಕು. ಮುಂದಿನ ಬೇಸಿಗೆಗೂ ಹೋಗೋಣವಾ ಅಂತ ಮೊನ್ನೆ ಫೋನಿನಲ್ಲಿ ಕೇಳಿದೆ. ಹೋಗೋಣ, ಅಪ್ಪನನ್ನೂ ಕರೆದುಕೊಂಡು ಹೋಗೋಣ ಅಂದಳು. ಆದರೆ ಕೆಟಲ್ ಅವರೇ ಹೊರಬೇಕಂತೆ, ಟೀಯೂ ಅವರೇ ಮಾಡಬೇಕಂತೆ.