ಕುದುರೆ ಬಾಲಕ್ಕೆ ದುಡ್ಡು ಕಟ್ಟುವ ಮುನ್ನ

ಕುಣಿಗಲ್‌ನವರಿಗೆ ಕುದುರೆ ಹೊಸದಲ್ಲ. ಹೈದರ್, ಟಿಪ್ಪು ಕಾಲದಲ್ಲಿ ದಂಡಿನ ಕುದುರೆಗಳನ್ನು ಸಾಕಿದ ಜಾಗ ಅದು. ಆಮೇಲೆ ಬ್ರಿಟಿಷರ ಸೇನೆಯ ಕೈಗೆ ಹೋಯಿತು, ಮುಂದೆ ಸರ್ಕಾರದ ಕೈಗೆ ಬಂತು. 1992ರಲ್ಲಿ ವಿಜಯ್ ಮಲ್ಯ ಅವರ ಯುಬಿ ಸಮೂಹದ ಕಂಪನಿಗೆ 30 ವರ್ಷಕ್ಕೆ ಗುತ್ತಿಗೆಯಾಯಿತು. ನಾನೂರಕ್ಕೂ ಹೆಚ್ಚು ಎಕರೆಯ ಆ ಸ್ಟಡ್ ಫಾರ್ಮ್‌ನ ಬೇಲಿಯಾಚೆ ತಾಯಿ ಕುದುರೆ ಪಕ್ಕ ಮರಿ ಮೇಯುವುದನ್ನು ನೋಡುತ್ತಲೇ ಊರಿನ ಮಕ್ಕಳು ಬೆಳೆದಿದ್ದಾರೆ. ಆದರೆ ಆ ಮರಿ ಬೆಳೆದು ಲಾರಿ ಹತ್ತಿ ಹೋದ ಮೇಲೆ ಅದರ ಮೇಲೆ ಜನ ದುಡ್ಡು ಹೇಗೆ ಕಟ್ಟುತ್ತಾರೆ, ಆ ದುಡ್ಡು ಎಲ್ಲಿಗೆ ಹೋಗುತ್ತದೆ ಅನ್ನುವುದು ನಮ್ಮ ಕಡೆ ಹೆಚ್ಚಿನವರಿಗೆ ಗೊತ್ತಿಲ್ಲ.

ಈಗ ಬೆಂಗಳೂರಿನ ರೇಸ್ ಕೋರ್ಸನ್ನೇ ಕುಣಿಗಲ್‌ಗೆ ತರುವ ಮಾತು ನಡೆದಿದೆ. ಸ್ಟ್ರಿಂಗರ್ ಆಗಿ ಈ ಬಗ್ಗೆ ನಾನೂ ಸುದ್ದಿ ಕಳಿಸಿದ್ದೇನೆ. ಡೆಸ್ಕ್‌ನವರು ಕೇಳುವುದು ಎರಡೇ: ಯಾವ ಮುಖಂಡ ಏನಂದ, ಸುತ್ತಮುತ್ತ ಜಮೀನಿನ ರೇಟು ಎಷ್ಟಾಯಿತು. ಗುಬ್ಬಿಯ ಟೀ ಅಂಗಡಿಯಲ್ಲಿ ಒಬ್ಬ ಹುಡುಗ ಕೇಳಿದ್ದು ಬೇರೆ: “ಅಣ್ಣ, ರೇಸು ಇಲ್ಲಿಗೇ ಬಂದ್ರೆ ನಾವೂ ಆಡ್ಬೌದಲ್ವಾ? ಹೆಂಗಣ್ಣ ಆಡೋದು?” ಅವನಿಗೆ ಟೀ ಮುಗಿಯುವಷ್ಟರಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಓಟದ ವಿಚಾರ. ಒಂದು ದಿನಕ್ಕೆ ಹಲವು ಓಟ. ಪ್ರತಿ ಓಟಕ್ಕೂ ಯಾವ ಕುದುರೆ, ಯಾವ ಜಾಕಿ, ಯಾವ ತರಬೇತುದಾರ, ಎಷ್ಟು ತೂಕ, ಹಿಂದಿನ ಓಟಗಳಲ್ಲಿ ಎಷ್ಟನೆಯದಾಗಿ ಬಂತು ಎಂಬುದೆಲ್ಲ ರೇಸ್ ಪುಸ್ತಕದಲ್ಲಿ ಅಚ್ಚಾಗಿರುತ್ತದೆ. ತೂಕದ ಲೆಕ್ಕ ಸ್ವಾರಸ್ಯದ್ದು. ಹ್ಯಾಂಡಿಕ್ಯಾಪ್ ಓಟದಲ್ಲಿ ಗೆಲ್ಲುತ್ತಾ ಬಂದ ಕುದುರೆಗೆ ಹೆಚ್ಚು ತೂಕ ಹೊರಿಸುತ್ತಾರೆ, ಸೋಲುತ್ತಾ ಬಂದದ್ದಕ್ಕೆ ಕಡಿಮೆ. ಎಲ್ಲವೂ ಒಟ್ಟಿಗೆ ಗುರಿ ಮುಟ್ಟಬೇಕು ಅನ್ನುವಂತೆ ಲೆಕ್ಕ ಹಾಕಿರುತ್ತಾರೆ. ಅಂದರೆ ಯಾವುದು ಗೆಲ್ಲುತ್ತದೆ ಎಂದು ಹೇಳುವುದು ಕಷ್ಟವಾಗಲಿ ಎಂದೇ ಅಂಥ ಓಟವನ್ನು ಕಟ್ಟಿರುತ್ತಾರೆ.

ಇನ್ನು ಪಂತ. ಒಂದು ಕುದುರೆ ಮೊದಲು ಬರುತ್ತದೆ ಎಂದು ಕಟ್ಟಿದರೆ ವಿನ್. ಮೊದಲ ಕೆಲವು ಸ್ಥಾನಗಳಲ್ಲಿ ಎಲ್ಲಾದರೂ ಬಂದರೆ ಸಾಕು ಅಂದರೆ ಪ್ಲೇಸ್. ಮೊದಲೆರಡು ಕುದುರೆ ಯಾವುವು ಎಂದು ಹೇಳಿದರೆ ಕ್ವಿನೆಲ್ಲಾ. ಸಾಲಾಗಿ ಐದು ಓಟಗಳಲ್ಲಿ ಗೆಲ್ಲುವ ಕುದುರೆಗಳನ್ನು ಹೇಳಿದರೆ ಜಾಕ್‌ಪಾಟ್. ಓಟಕ್ಕೆ ಹತ್ತು ಕುದುರೆ ಎಂದು ಹಿಡಿದರೂ ಐದು ಓಟಕ್ಕೆ ಒಂದು ಲಕ್ಷ ಜೋಡಣೆಗಳಾಗುತ್ತವೆ. ಅವುಗಳಲ್ಲಿ ಒಂದೇ ಸರಿ.

ಪಂತ ಕಟ್ಟುವ ಜಾಗವೂ ಎರಡು ಬಗೆ. ಲೈಸೆನ್ಸ್ ಇರುವ ಬುಕ್ಕಿ ಹತ್ತಿರ ಕಟ್ಟಿದರೆ ಟಿಕೆಟ್ ಕೊಡುವಾಗಲೇ ಒಂದಕ್ಕೆ ಎಷ್ಟು ಎಂದು ದರ ಗೊತ್ತಾಗುತ್ತದೆ. ಟೋಟ್‌ನಲ್ಲಿ ಹಾಗಲ್ಲ. ಅಲ್ಲಿ ಎಲ್ಲರ ದುಡ್ಡೂ ಒಂದೇ ಹುಂಡಿಗೆ ಬೀಳುತ್ತದೆ. ಒಂದು ಓಟಕ್ಕೆ 1,00,000 ರೂಪಾಯಿ ಬಿತ್ತು ಅನ್ನಿ. ಅದರಲ್ಲಿ ಉದಾಹರಣೆಗೆ 20,000 ಮುರಿದುಕೊಂಡರು. ಉಳಿದ 80,000ವನ್ನು ಗೆದ್ದ ಕುದುರೆಗೆ ಕಟ್ಟಿದವರಿಗೆ ಹಂಚುತ್ತಾರೆ. ಎಲ್ಲರೂ ನೆಚ್ಚಿದ ಕುದುರೆಗೆ 40,000 ಬಿದ್ದಿದ್ದರೆ ಒಂದು ರೂಪಾಯಿಗೆ ಎರಡು. ಯಾರೂ ಕೇಳದ ಕುದುರೆಗೆ 2,000 ಬಿದ್ದಿದ್ದು, ಅದೇ ಗೆದ್ದರೆ ಒಂದಕ್ಕೆ ನಲವತ್ತು.

ಅಂದರೆ ನೀವು ಆಡುತ್ತಿರುವುದು ಪಕ್ಕದಲ್ಲಿ ನಿಂತವನ ವಿರುದ್ಧ. ಕುದುರೆ ಚೆನ್ನಾಗಿದೆ ಎಂದು ತಿಳಿದರೆ ಸಾಲದು, ಪಕ್ಕದವನಿಗೆ ಅದು ತಿಳಿದಿರಬಾರದು. ಅದರ ಮೇಲೆ ಆ ಮುರಿದುಕೊಳ್ಳುವ ಪಾಲನ್ನೂ ಗೆಲ್ಲಬೇಕು. ಅದೇ ಒಂದು ಲಕ್ಷ ಜನರ ಕೈಯಲ್ಲೇ ಸುತ್ತುತ್ತಾ ಹೋದರೆ ಮೊದಲ ಓಟಕ್ಕೆ 80,000 ಉಳಿಯುತ್ತದೆ, ಎರಡನೆಯದಕ್ಕೆ 64,000, ಮೂರಕ್ಕೆ 51,200, ನಾಲ್ಕಕ್ಕೆ 40,960, ಐದನೇ ಓಟ ಮುಗಿದಾಗ 32,768. ಯಾರೋ ಒಬ್ಬ ಗೆದ್ದು ನಗುತ್ತಾ ಹೋಗಬಹುದು. ಗುಂಪಿನ ಜೇಬು ಮಾತ್ರ ಸಂಜೆಗೆ ಮೂರನೇ ಒಂದಕ್ಕೆ ಇಳಿದಿರುತ್ತದೆ.

ತೆರಿಗೆ ಬೇರೆ ಇದೆ. 2025ರ ಸೆಪ್ಟೆಂಬರ್ 22ರಿಂದ ಕುದುರೆ ಪಂತದ ಮೇಲಿನ ಜಿಎಸ್‌ಟಿ ಶೇ. 28ರಿಂದ ಶೇ. 40ಕ್ಕೆ ಏರಿತು. ಗೆದ್ದ ಮೊತ್ತ 10,000 ರೂಪಾಯಿ ದಾಟಿದರೆ ಶೇ. 30 ಆದಾಯ ತೆರಿಗೆಯನ್ನು ಕೊಡುವಾಗಲೇ ಹಿಡಿದುಕೊಳ್ಳುತ್ತಾರೆ. ಬೇರೆ ಓಟಗಳಲ್ಲಿ ಸೋತದ್ದನ್ನು ಅದರಲ್ಲಿ ಕಳೆಯುವ ಹಾಗಿಲ್ಲ.

ನನ್ನ ಸೋದರಮಾವ ಗುಬ್ಬಿಯಲ್ಲಿ ಸೈಕಲ್ ಶಾಪ್ ಇಟ್ಟಿದ್ದರು. ರೇಸ್ ಇದ್ದ ದಿನ ಬೆಳಗಿನ ರೈಲು ಹಿಡಿದು ಮೆಜೆಸ್ಟಿಕ್‌ನಲ್ಲಿ ಇಳಿದು ರೇಸ್ ಕೋರ್ಸಿಗೆ ನಡೆದೇ ಹೋಗುತ್ತಿದ್ದರು. ದಡ್ಡರಲ್ಲ. “ಕುದ್ರೆ ಓದೋದು ಅಂದ್ರೆ ನಿಮ್ ಡಿಪ್ಲೊಮಾಗಿಂತ ಕಷ್ಟ ಕಣೋ” ಅನ್ನುತ್ತಿದ್ದರು. ಗೆದ್ದ ಪ್ರತಿ ಓಟವನ್ನೂ ಉದ್ದನೆಯ ನೋಟ್‌ಬುಕ್ಕಿನಲ್ಲಿ ತಾರೀಖು ಸಮೇತ ಬರೆದಿಟ್ಟಿದ್ದರು. ಸೋತದ್ದರ ಲೆಕ್ಕ ಅದರಲ್ಲಿ ಇರಲಿಲ್ಲ. ಅದು ಅತ್ತೆ ಹತ್ತಿರ ಇತ್ತು: ಸಾಸಿವೆ ಡಬ್ಬಿಯಲ್ಲಿ ಮಡಚಿಟ್ಟ ಗಿರವಿ ಅಂಗಡಿ ಚೀಟಿಗಳು. ಓಲೆ, ಎರಡೆಳೆ ಸರ, ಕೊನೆಗೆ ಮಗಳ ಕಾಲ್ಗೆಜ್ಜೆ. ಮಾವ ತೀರಿಕೊಂಡ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ಕೂಡಿದವನು ನಾನೇ. ಮಾವನ ಬುದ್ಧಿವಂತಿಕೆ ಸುಳ್ಳಾಗಿರಲಿಲ್ಲ, ಬಹಳ ಸಲ ಗೆದ್ದಿದ್ದರು. ಆದರೂ ಚೀಟಿಗಳ ಮೊತ್ತವೇ ಹೆಚ್ಚಿತ್ತು.

1996ರಲ್ಲಿ ಸುಪ್ರೀಂ ಕೋರ್ಟ್ ಕುದುರೆ ರೇಸು ಕೌಶಲದ ಆಟ ಎಂದು ಹೇಳಿತು. ಪಂತ ಕಟ್ಟುವವರು ಇದನ್ನು ಆಗಾಗ ನೆನೆಯುತ್ತಾರೆ. ಕೌಶಲ ಇರುವುದು ನಿಜ. ಆದರೆ ಹುಂಡಿಯಿಂದ ಮುರಿದುಕೊಳ್ಳುವ ಪಾಲು ಕೌಶಲ ಇದ್ದವನಿಗೂ ಇಲ್ಲದವನಿಗೂ ಒಂದೇ.

ಕುಣಿಗಲ್‌ನಲ್ಲಿ ಕುದುರೆ ನೋಡಿಕೊಂಡು ನಿವೃತ್ತರಾದ ಹಿರಿಯರೊಬ್ಬರನ್ನು ಮಾತಾಡಿಸಿದ್ದೆ. ಸೈಸ್ ಆಗಿದ್ದವರು. ಮರಿ ಹುಟ್ಟುವ ರಾತ್ರಿ ಎದ್ದು ಕೂತವರು, ಅದರ ಗೊರಸು, ಹಲ್ಲು, ಸಿಟ್ಟು ಎಲ್ಲ ಬಲ್ಲವರು. ನೀವು ಯಾವತ್ತಾದರೂ ಕಟ್ಟಿದ್ರಾ ಎಂದು ಕೇಳಿದೆ. “ಇಲ್ಲಪ್ಪ. ನನ್ ಕೈಯಾಗ್ ಬೆಳ್ದಿದ್ ಮರಿ ಗೆದ್ದಿದ್ನ ಪೇಪರ್ನಾಗೆ ನೋಡಿವ್ನಿ. ಗೆಲ್ತದೆ ಅಂತ ನಂಗೂ ಗೊತ್ತಿರ್ಲಿಲ್ಲ” ಅಂದರು. ಹಾಗಾಗಿ ‘ಲಾಯದಿಂದಲೇ ಸುದ್ದಿ ಬಂದಿದೆ, ಐದನೇ ನಂಬರ್ ಪಕ್ಕಾ’ ಎಂದು ಯಾರಾದರೂ ವಾಟ್ಸ್‌ಆ್ಯಪ್‌ನಲ್ಲಿ ಟಿಪ್ ಮಾರಿದರೆ ಈ ಮಾತು ನೆನಪಿರಲಿ.

ನಮ್ಮ ಜಿಲ್ಲೆಯಲ್ಲಿ ಇದಕ್ಕಿಂತ ದೊಡ್ಡ ಅಪಾಯ ರೇಸ್ ಕೋರ್ಸಿನ ಹೊರಗಿದೆ. ಲೈಸೆನ್ಸ್ ಇರುವ ರೇಸ್ ಕೋರ್ಸಿನ ಒಳಗೆ ಕಟ್ಟಿದರೆ ಮಾತ್ರ ಅದು ಕಾನೂನಿನ ಪ್ರಕಾರ. ಆ ಲೈಸೆನ್ಸೂ ಶಾಶ್ವತವಲ್ಲ. 2024ರಲ್ಲಿ ಅದರ ವಿಚಾರ ಹೈಕೋರ್ಟ್ ಮೆಟ್ಟಿಲೇರಿ ಬೆಂಗಳೂರಿನಲ್ಲಿ ಓಟ ಕೆಲಕಾಲ ನಿಂತಿತ್ತು. ಊರಲ್ಲಿ ಕೂತು ಫೋನಿನಲ್ಲಿ ಪಂತ ಹಿಡಿಯುವವನದು 1963ರ ಕರ್ನಾಟಕ ಪೊಲೀಸ್ ಕಾಯ್ದೆಯಡಿ ಅಪರಾಧ. ಅವನು ಗೆದ್ದ ದುಡ್ಡು ಕೊಡದಿದ್ದರೆ ನೀವು ದಾವೆ ಹೂಡುವಂತಿಲ್ಲ. 1872ರ ಕರಾರು ಕಾಯ್ದೆಯ ಸೆಕ್ಷನ್ 30ರ ಪ್ರಕಾರ ಪಂತದ ಕರಾರಿಗೆ ಬೆಲೆಯಿಲ್ಲ. ನೀವು ಸೋತರೆ ಮಾತ್ರ ಅವನು ಕೋರ್ಟಿಗೆ ಹೋಗುವುದಿಲ್ಲ, ಮನೆಗೇ ಬರುತ್ತಾನೆ. ಅವನು ಕೈಗೆ ಕೊಡುವುದು ಮೀಟರ್ ಬಡ್ಡಿಯ ಸಾಲ. ಕೊಬ್ಬರಿ ಮಾರಿದ ದುಡ್ಡು, ಅಡಿಕೆ ಚೇಣಿಯ ಅಡ್ವಾನ್ಸು ಅಲ್ಲಿಗೆ ಹೋಗಿ ಮನೆ ಬಿಟ್ಟವರ ಸುದ್ದಿ ತಾಲ್ಲೂಕು ಪುಟದಲ್ಲಿ ನಾಲ್ಕು ಸಾಲು ಬರುತ್ತದೆ, ಕಾರಣ ‘ಸಾಲಬಾಧೆ’ ಎಂದಷ್ಟೇ ಇರುತ್ತದೆ.

ಟೀ ಅಂಗಡಿಯ ಹುಡುಗನಿಗೆ ಹೋಗಲೇಬೇಡ ಎಂದು ನಾನು ಹೇಳುವುದಿಲ್ಲ. ಓಡುವ ಕುದುರೆ ನೋಡಲು ಚೆಂದ. ಹೋದರೆ ಒಂದು ಸಿನಿಮಾ ಮತ್ತು ಊಟಕ್ಕೆ ಆಗುವಷ್ಟು ದುಡ್ಡು ಜೇಬಿನಲ್ಲಿರಲಿ, ಅದು ಹೋಯಿತು ಎಂದೇ ತಿಳಿದು ಒಳಗೆ ಕಾಲಿಡು. ಎಟಿಎಂ ಕಾರ್ಡು, ಫೋನಿನ ಪೇಮೆಂಟ್ ಆ್ಯಪ್ ಎರಡೂ ಆ ದಿನ ಬೇಡ. ಓಟಕ್ಕೆ ಮುಂಚೆ ಕುದುರೆಗಳನ್ನು ಸುತ್ತು ಹಾಕಿಸುವ ಜಾಗಕ್ಕೆ ಹೋಗಿ ಕಣ್ತುಂಬ ನೋಡು. ಕಟ್ಟಿದರೆ ಟೋಟ್‌ನಲ್ಲಿ ಕಟ್ಟು, ಸೋತದ್ದನ್ನು ವಾಪಸ್ ತೆಗೆಯಲು ಮುಂದಿನ ಓಟಕ್ಕೆ ಎರಡರಷ್ಟು ಕಟ್ಟಬೇಡ. ಸಾಲದ ದುಡ್ಡಂತೂ ಬೇಡವೇ ಬೇಡ. ಮನೆಗೆ ಬಂದ ಮೇಲೆ ಗೆದ್ದದ್ದು, ಸೋತದ್ದು ಎರಡನ್ನೂ ಒಂದೇ ಪುಟದಲ್ಲಿ ಬರೆ, ಆ ಪುಟವನ್ನು ಮನೆಯವರು ಓದುವ ಹಾಗೆ ಇಡು.