ಹಕ್ಕಿಗಳ ಮನೆಗೆ ದೋಣಿಯಲ್ಲಿ

ಪರೀಕ್ಷೆ ಮುಗಿದ ಮರುದಿನವೇ ಮಗನನ್ನೂ ಅವನ ಇಬ್ಬರು ಗೆಳೆಯರನ್ನೂ ಕರೆದುಕೊಂಡು ರಂಗನತಿಟ್ಟಿಗೆ ಹೊರಟೆ. ಶ್ರೀರಂಗಪಟ್ಟಣದಿಂದ ನಾಲ್ಕೈದು ಕಿಲೋಮೀಟರು ಅಷ್ಟೆ. ಬೆಳಿಗ್ಗೆ ಬೇಗ ಹೋದದ್ದು ಒಳ್ಳೆಯದಾಯಿತು. ಬಿಸಿಲೇರಿದ ಮೇಲೆ ಜನ ಸೇರುತ್ತಾರೆ, ಗದ್ದಲವೂ ಸೇರುತ್ತದೆ.

ಟಿಕೆಟ್ ಪಡೆದು, ಜೀವರಕ್ಷಕ ಅಂಗಿ ತೊಟ್ಟು ದೋಣಿ ಹತ್ತಿದೆವು. ಅಂಬಿಗ ಹುಟ್ಟು ಹಾಕತೊಡಗಿದ. ಎಂಜಿನ್ನಿನ ಅಬ್ಬರವಿಲ್ಲ, ನೀರು ಸರಿಯುವ ಸಪ್ಪಳ ಮಾತ್ರ. ಎರಡೂ ಕಡೆ ಹೊಳೆಮತ್ತಿ, ಹೊಂಗೆ, ಬಿದಿರು ನೀರಿನ ಮೇಲೆ ಬಾಗಿದ್ದವು. ಕೊಂಬೆಗಳಲ್ಲಿ ಬಾವಲಿಗಳು ತಲೆಕೆಳಗಾಗಿ ಜೋತಾಡುತ್ತಿದ್ದವು.

ಸ್ವಲ್ಪ ದೂರದಲ್ಲಿ ಬಂಡೆಯೊಂದು ಅಲುಗಿದಂತಾಯಿತು. ನೋಡಿದರೆ ಮೊಸಳೆ! ಬಾಯಿ ತೆರೆದು ಬಿಸಿಲು ಕಾಯುತ್ತಿತ್ತು. ಹುಡುಗರು ಒಬ್ಬರಿಗೊಬ್ಬರು ಅಂಟಿಕೊಂಡರು.

'ದೋಣಿಗೆ ಹಾರುತ್ತಾ ಅಣ್ಣ?'

'ನಾವು ಅದ್ರ ತಂಟೆಗೆ ಹೋಗಲ್ಲ, ಅದು ನಮ್ಮ ತಂಟೆಗೆ ಬರಲ್ಲ. ಆದ್ರೆ ಕೈ ಮಾತ್ರ ನೀರಿಗೆ ಬಿಡಬ್ಯಾಡ ಮಗ' ಎಂದ ಅಂಬಿಗ. ಮೊಸಳೆಯ ಮೈ ಬೆವರುವುದಿಲ್ಲ. ಮೈ ಕಾವು ಹೆಚ್ಚಿದಾಗ ಅದು ಹೀಗೆ ಬಾಯಿ ತೆರೆದು ತಂಪು ಮಾಡಿಕೊಳ್ಳುತ್ತದೆ. ಅದು ಕೋಪವಲ್ಲ ಎಂದು ತಿಳಿದ ಮೇಲೆ ಹುಡುಗರಿಗೆ ಉಸಿರು ಬಂತು.

ಮುಂದಿನ ನಡುಗಡ್ಡೆಯ ಮರಗಳಲ್ಲಿ ಬಣ್ಣದ ಕೊಕ್ಕರೆಗಳ ಸಂಸಾರ. ಮರಿಗಳು ಕೂಗಿ ಊಟ ಕೇಳುತ್ತಿದ್ದವು. ಕೊಕ್ಕಿನ ನಡುವೆ ಸಂದಿಯಿರುವ ಬಾಯ್ಕಳಕಕ್ಕೆ ಬಸವನಹುಳುವೇ ಮುಖ್ಯ ಆಹಾರ. ಚಮಚದಂಥ ಕೊಕ್ಕಿನ ಹಕ್ಕಿ ಅದನ್ನು ನೀರಿನಲ್ಲಿ ಅತ್ತಿತ್ತ ಆಡಿಸಿ ಮೀನು ಹಿಡಿಯುತ್ತದೆ. ಹೆಜ್ಜಾರ್ಲೆಯ ಗಂಟಲ ಚೀಲ ಬಲೆಯಂತೆ ಕೆಲಸ ಮಾಡುತ್ತದೆ. ಹೀಗೆ ಒಂದೊಂದಕ್ಕೂ ಒಂದೊಂದು ಬಗೆಯ ಊಟವಾದ್ದರಿಂದ ಅಷ್ಟೊಂದು ಹಕ್ಕಿಗಳು ಅಷ್ಟು ಚಿಕ್ಕ ಜಾಗದಲ್ಲಿ ಜಗಳವಿಲ್ಲದೆ ಬಾಳುತ್ತವೆ.

ಈ ನಡುಗಡ್ಡೆಗಳು ಹೇಗಾದವು ಗೊತ್ತೆ? 1640ರ ದಶಕದಲ್ಲಿ ಕಂಠೀರವ ನರಸರಾಜ ಒಡೆಯರು ನೀರಾವರಿಗಾಗಿ ಕಾವೇರಿಗೆ ಅಡ್ಡಲಾಗಿ ಒಡ್ಡು ಕಟ್ಟಿಸಿದರು. ನೀರು ಹರಡಿ ನಿಂತಾಗ ನಡುನಡುವೆ ತಿಟ್ಟುಗಳು ಉಳಿದವು. ರೈತನಿಗೆಂದು ಕಟ್ಟಿದ್ದು ಹಕ್ಕಿಗೂ ಮನೆಯಾಯಿತು! ಪಕ್ಷಿತಜ್ಞ ಸಲೀಂ ಅಲಿ ಇದರ ಮಹತ್ವವನ್ನು ಮೈಸೂರು ಅರಸರಿಗೆ ಮನಗಾಣಿಸಿದ ಮೇಲೆ 1940ರಲ್ಲಿ ಇದು ಪಕ್ಷಿಧಾಮವಾಯಿತು. 2022ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು. ಲೋಕದ ಮುಖ್ಯ ಜೌಗುಪ್ರದೇಶಗಳ ಪಟ್ಟಿ ಅದು.

ಬಂಡೆಯೊಂದರ ಬಳಿ ಅಂಬಿಗ ಹುಟ್ಟು ನಿಲ್ಲಿಸಿದ. ರೀವ ಹಕ್ಕಿ ಬರಿಯ ಕಲ್ಲಿನ ಮೇಲೆ ಮೊಟ್ಟೆಯಿಟ್ಟು ಕಾವಿಗೆ ಕುಳಿತಿತ್ತು. ಗೂಡಿಲ್ಲ, ಹುಲ್ಲಿಲ್ಲ.

'ನೀರು ಏರಿದರೆ?' ಎಂದ ಮಗ.

ಅಂಬಿಗ ಮೇಲ್ದಿಕ್ಕಿಗೆ ಕೈ ತೋರಿಸಿದ. ಅಲ್ಲಿ, ಕೆಲವೇ ಕಿಲೋಮೀಟರು ಆಚೆ, ಕೃಷ್ಣರಾಜಸಾಗರ. 124.80 ಅಡಿಯ ಆ ಜಲಾಶಯ ತುಂಬಿ ಹೆಚ್ಚು ನೀರು ಬಿಟ್ಟಾಗ ಇಲ್ಲಿಯ ನಡುಗಡ್ಡೆಗಳು ಮುಳುಗುತ್ತವೆ, ತಗ್ಗಿನ ಗೂಡುಗಳು ಕೊಚ್ಚಿಹೋಗುತ್ತವೆ. ಆಗ ದೋಣಿಯೂ ನಿಲ್ಲುತ್ತದೆ. ನೀರು ತೀರ ತಗ್ಗಿದರೂ ಕಷ್ಟವೇ. ಗೂಡಿಗೂ ದಂಡೆಗೂ ನಡುವಿನ ಕಾವಲು ಹೋದಂತೆ.

ಕಷ್ಟ ನದಿಯಲ್ಲಿ ಮಾತ್ರವಿಲ್ಲ. ಮರಿಗೆ ಆಹಾರ ತರಲು ಈ ಹಕ್ಕಿಗಳು ಸುತ್ತಲಿನ ಕೆರೆಗಳಿಗೆ, ಕಾಲುವೆಗಳಿಗೆ, ಭತ್ತದ ಗದ್ದೆಗಳಿಗೆ ಹಾರುತ್ತವೆ. ಗದ್ದೆಗೆ ಹೊಡೆದ ಔಷಧಿ ಮೀನು, ಕಪ್ಪೆಗಳ ಮೂಲಕ ಮರಿಯ ಬಾಯಿಗೂ ಹೋಗಬಹುದು. ಶ್ರೀರಂಗಪಟ್ಟಣದ ಗೂಡು ಪಾಂಡವಪುರದ ಕೆರೆಯನ್ನೂ ನೆಚ್ಚಿಕೊಂಡಿರಬಹುದು ಎಂದಾಗ ಹುಡುಗರು ಮೌನವಾದರು.

ನೀವು ಹೋಗುವುದಾದರೆ ದುರ್ಬೀನು, ಒಂದು ಚಿಕ್ಕ ಟಿಪ್ಪಣಿ ಪುಸ್ತಕ ಒಯ್ಯಿರಿ. ಮಳೆಗಾಲದಲ್ಲಿ ದೋಣಿ ಇದೆಯೇ ಎಂದು ಮೊದಲೇ ವಿಚಾರಿಸಿ. ಕಡುಬಣ್ಣದ ಬಟ್ಟೆ ಬೇಡ, ಕೂಗಾಟ ಬೇಡ, ತಿಂಡಿ ಎಸೆಯುವುದಂತೂ ಬೇಡವೇ ಬೇಡ.

ದಡ ಸೇರಿದಾಗ ಮಗ ಕೇಳಿದ ಮೊದಲ ಪ್ರಶ್ನೆ ಮೊಸಳೆಯದಲ್ಲ. 'ಅಪ್ಪ, ಆ ರೀವದ ಮೊಟ್ಟೆ ಒಡೆಯೋಕೆ ಇನ್ನೆಷ್ಟು ದಿನ ಬೇಕು? ಅಷ್ಟರೊಳಗೆ ನೀರು ಬರಲ್ಲ ತಾನೆ?'