ಸೀಮಂತದ ಕೇಕು

ಸೀಮಂತದ ಮನೆಯಲ್ಲಿ ಕೇಕಿಗೇನು ಕೆಲಸ ಎಂದು ಬಸವನಗುಡಿಯ ಆ ಮನೆಯಲ್ಲಿ ಮೊದಲು ಕೇಳಿದವರು ಪುರೋಹಿತರಲ್ಲ. ಚಿರೋಟಿಗೆ ಹಿಟ್ಟು ನಾದುತ್ತಿದ್ದ ಅಡಿಗೆಯ ಭಟ್ಟರು. ಪ್ರಶ್ನೆ ಅನ್ಯಾಯವಾದುದೇನೂ ಅಲ್ಲ. ಷೋಡಶ ಸಂಸ್ಕಾರಗಳಲ್ಲೊಂದಾದ ಸೀಮಂತೋನ್ನಯನಕ್ಕೆ ಗೃಹ್ಯಸೂತ್ರಗಳು ಮುಳ್ಳುಹಂದಿಯ ಮುಳ್ಳನ್ನು ಹೇಳಿವೆ, ಅತ್ತಿಯ ಎಳೆಗಾಯಿಗಳ ಗೊಂಚಲನ್ನು ಹೇಳಿವೆ. ಗಂಡನು ಹೆಂಡತಿಯ ಬೈತಲೆಯನ್ನು ಹೇಗೆ ತೆಗೆಯಬೇಕೆಂಬುದನ್ನೂ ಬಿಟ್ಟಿಲ್ಲ. ಸೂತ್ರಕಾರರು ಬಿಟ್ಟುದನ್ನು ಮನೆಯ ಹೆಂಗಸರು ತುಂಬಿದರು: ಹಸಿರು ಸೀರೆ, ಹಸಿರು ಬಳೆ, ಮಡಿಲಕ್ಕಿ, ಆರತಿ. ಆರತಿ ಎತ್ತುವವರು ಮುತ್ತೈದೆಯರೇ ಆಗಿರಬೇಕೆಂಬ ಕಟ್ಟಳೆಯೂ ಅದರೊಡನೆ ಬಂದಿತು.

ಈ ಕಡೆಯ ಕಟ್ಟಳೆಯಿಂದಾಗಿ ಆ ಮನೆಯ ಅಜ್ಜಿ 12 ವರ್ಷಗಳಿಂದ ಶುಭಕಾರ್ಯದ ದಿನ ಅಡಿಗೆಮನೆಯ ಹೊಸ್ತಿಲನ್ನು ದಾಟಿದವರಲ್ಲ. ಕರೆಯುವವರು ಇರಲಿಲ್ಲವೆಂದಲ್ಲ, ಕರೆಯುವ ಮುನ್ನವೇ ‘ನನಗಿಲ್ಲೇ ಹಾಯಾಗಿದೆ’ ಎಂದುಬಿಡುತ್ತಿದ್ದರು. ಅಂಥ ಮಾತನ್ನು ನಂಬುವುದು ಮನೆಯವರಿಗೂ ಅನುಕೂಲ.

ಕೇಕಿನ ಯೋಚನೆ ಬಸುರಿಯ ತಂಗಿಯದು. ಮೊಟ್ಟೆ ಹಾಕುವುದಿಲ್ಲವೆಂದು ಮಾತು ಕೊಟ್ಟ ಮೇಲೆಯೇ ಹಿಂದಿನ ದಿನ ಅವಳಿಗೆ ಒಲೆಯ ಬಳಿ ಸ್ಥಳ ದೊರೆತದ್ದು. ಒಂದು ಬಟ್ಟಲು ಗಟ್ಟಿ ಮೊಸರಿಗೆ ಮುಕ್ಕಾಲು ಬಟ್ಟಲು ಸಕ್ಕರೆ ಕದಡಿ, ಒಂದೂಕಾಲು ಚಮಚ ಬೇಕಿಂಗ್ ಪೌಡರನ್ನೂ ಅರ್ಧ ಚಮಚ ಸೋಡವನ್ನೂ ಹಾಕಿ ಬಿಟ್ಟಳು. ಐದು ನಿಮಿಷದಲ್ಲಿ ಮೊಸರು ನೊರೆಯೆದ್ದಿತು. ಹುಳಿಯೂ ಸೋಡವೂ ಕೂಡಿದಾಗ ಹುಟ್ಟುವ ಅನಿಲವೇ ಕೇಕನ್ನು ಉಬ್ಬಿಸುತ್ತದೆ. 1843ರಲ್ಲಿ ಬರ್ಮಿಂಗ್‌ಹ್ಯಾಮಿನ ಆಲ್‌ಫ್ರೆಡ್ ಬರ್ಡ್ ಎಂಬ ಔಷಧ ವ್ಯಾಪಾರಿ ತನ್ನದೊಂದು ಬೇಕಿಂಗ್ ಪೌಡರನ್ನು ತಯಾರಿಸಿದ್ದು ಯೀಸ್ಟ್ ಒಗ್ಗದ ಹೆಂಡತಿಗಾಗಿ. ಆಕೆಗೆ ಮೊಟ್ಟೆಯೂ ಒಗ್ಗುತ್ತಿರಲಿಲ್ಲ. ಆ ಮಹಾತಾಯಿಯ ಪಥ್ಯದಿಂದ ನಮ್ಮ ಮಡಿಯ ಮನೆಗಳಿಗೂ ಉಪಕಾರವಾಯಿತೆನ್ನಬೇಕು. ಅರ್ಧ ಬಟ್ಟಲು ಎಣ್ಣೆ, ಒಂದೂವರೆ ಬಟ್ಟಲು ಮೈದಾ, ಏಲಕ್ಕಿ ಸೇರಿದುವು. ಕುಕ್ಕರಿನ ತಳಕ್ಕೆ ಉಪ್ಪು ಹರಡಿ, ರಬ್ಬರನ್ನೂ ವೆಯ್ಟನ್ನೂ ತೆಗೆದು, ಸಣ್ಣ ಉರಿಯಲ್ಲಿ 45 ನಿಮಿಷ ಬೇಯಿಸಿದ್ದಾಯಿತು.

ಕೇಕೇನೋ ಚೆನ್ನಾಗಿಯೇ ಬಂದಿತು. ಕೆಟ್ಟದ್ದು ಅಲಂಕಾರ. ಬೆಣ್ಣೆಗೆ ಪುಡಿಸಕ್ಕರೆ ಕಲಸಿ, ಕಾಗದದ ಕೊಳವೆಯಲ್ಲಿ ತುಂಬಿ ಹುಡುಗಿ ಬಿಟ್ಟ ಗುಲಾಬಿಗಳು ವೈಶಾಖದ ಸೆಖೆಗೆ ಕಾಲು ಗಂಟೆಯೂ ನಿಲ್ಲಲಿಲ್ಲ. ಎಸಳೊಂದೊಂದೇ ಜಾರಿ ತಟ್ಟೆಯ ಅಂಚಿಗಿಳಿಯಿತು. ಅವಳ ಕಣ್ಣಲ್ಲಿ ನೀರು.

ಮೂಲೆಯಲ್ಲಿ ವೀಳ್ಯದೆಲೆ ಒರೆಸುತ್ತಿದ್ದ ಅಜ್ಜಿ ಎದ್ದು ಬಂದರು. “ಬೆಣ್ಣೆಯಲ್ಲಿ ಹೂ ಬಿಡೋ ಕಾಲ ಮಾಗಿ ಕಣೇ, ವೈಶಾಖವಲ್ಲ. ನಾಲ್ಕು ಕೊಬ್ಬರಿ ಗಿಟುಕು ತಾ, ಸಣ್ಣ ಚಾಕು ತಾ.”

ಒಂದು ಕಾಲದಲ್ಲಿ ಬಳಗದ ಮದುವೆಗಳಿಗೆಲ್ಲ ಕೊಬ್ಬರಿಯಲ್ಲಿ ಚಿತ್ತಾರ ಕೊರೆದು ಕೊಟ್ಟ ಕೈ ಅದು. ಕಂದು ಸಿಪ್ಪೆ ಹೆರೆದು, ಹಪ್ಪಳದಷ್ಟು ತೆಳುವಾಗಿ ಸೀಳಿ, ಕೆಲವು ಎಸಳುಗಳನ್ನು ಕೇಸರಿಯ ನೀರಿಗೆ ಅದ್ದಿ ಗಟ್ಟಿ ಪಾಕದಿಂದ ಒಂದಕ್ಕೊಂದು ಅಂಟಿಸಿದರು. ಬೆಣ್ಣೆಯನ್ನು ಬಳಿದು ತೆಗೆಸಿ, ಉಳಿದ ಜಿಡ್ಡಿನ ಮೇಲೆ ಕೊಬ್ಬರಿ ತುರಿ ಉದುರಿಸಿದಾಗ ಕೇಕು ಮಲ್ಲಿಗೆಯಂತೆ ಬೆಳ್ಳಗಾಯಿತು. ಒಂದು ಗಿಟುಕಿನ ಅಂಚಿಗೆ ಮಾತ್ರ ಜಾಲರಿ ಕೊರೆಯುತ್ತ ರಾತ್ರಿ ಹನ್ನೊಂದಾದರೂ ಏಳಲಿಲ್ಲ. ಅದು ತೊಟ್ಟಿಲು.

ಮರುದಿನ ಆರತಿ ಮುಗಿದು ಕೇಕು ನಡುಮನೆಗೆ ಬಂದಿತು. ಬಸುರಿ ಚಾಕು ಮುಟ್ಟಲಿಲ್ಲ. “ಅಜ್ಜಿ ಬರಲಿ” ಎಂದಳು. ಯಾರೂ ಮಾತನಾಡಲಿಲ್ಲ. ದೊಡ್ಡತ್ತೆಯ ಮುಖ ಗಂಟಿಕ್ಕಿತು. ಎಲ್ಲರ ಕಣ್ಣೂ ಸಂಭಾವನೆ ಎಣಿಸುತ್ತಿದ್ದ ಪುರೋಹಿತರ ಕಡೆ ತಿರುಗಿದುವು. ಅವರು ತಲೆಯೆತ್ತಿ, “ಕೇಕಿಗೆ ಯಾವ ಸೂತ್ರದಲ್ಲಿಯೂ ವಿಧಿಯಿಲ್ಲಮ್ಮ, ನಿಷೇಧವೂ ಇಲ್ಲ” ಎಂದು ಮತ್ತೆ ಎಣಿಕೆಗೆ ತೊಡಗಿದರು.

ತಂಗಿ ಹೋಗಿ ಕೈಹಿಡಿದು ಕರೆತಂದಳು. ಸೆರಗಿಗೆ ಕೈ ಒರೆಸುತ್ತ ಬಂದ ಅಜ್ಜಿ ಜಮಖಾನದ ತುದಿಯಲ್ಲಿ ನಿಂತರು. ಮೊಮ್ಮಗಳು ಸರಿದು ಪಕ್ಕದಲ್ಲಿ ಜಾಗ ಮಾಡಿದಾಗ ಕುಳಿತರು. ಮೊದಲ ತುಂಡನ್ನು ಅವಳ ಬಾಯಿಗಿಟ್ಟದ್ದು ಅವರೇ. ತಾವೂ ಒಂದು ಚೂರು ಬಾಯಿಗೆ ಹಾಕಿಕೊಂಡು, ಸ್ವಲ್ಪ ಹೊತ್ತು ಯೋಚಿಸಿ, “ಏಲಕ್ಕಿ ಮುಂದಾಯಿತು” ಎಂದರು.

ಮಕ್ಕಳು ತೊಟ್ಟಿಲಿಗೆ ಕೈ ಚಾಚಿದುವು. ಅದನ್ನು ಮಾತ್ರ ಅಜ್ಜಿ ಎತ್ತಿಕೊಂಡು ಮಡಿಲಲ್ಲಿ ಇಟ್ಟುಕೊಂಡರು.